ದೊಡ್ಡಮ್ಮನಿಗೆ ಕಳಿಸದ ವ್ಯಾನು

ನಾನು ಟ್ರಾವೆಲ್ಸ್ ನಡೆಸುವವನು, ದೆವ್ವದ ಮಾತೆತ್ತಿದರೆ ನಗುವ ಪೈಕಿ. ಹಡಗಿನ ಪ್ರವಾಸಕ್ಕೆ ಹೊರಟವರಿಗೆ ಹಿಂದಿನ ರಾತ್ರಿ ಹೋಟೆಲು, ಬೆಳಿಗ್ಗೆ ಬಂದರಿಗೆ ವ್ಯಾನು, ಇಷ್ಟೇ ನನ್ನ ಕೆಲಸ. ಎರಡು ವರ್ಷದ ಹಿಂದೆ ನನ್ನ ದೊಡ್ಡಮ್ಮನಿಗೂ ಎಲ್ಲ ಗೊತ್ತುಮಾಡಿದೆ.

"ಒಂಬತ್ತಕ್ಕೆ ವ್ಯಾನ್ ಬರುತ್ತೆ. ಅಲ್ಲಿವರೆಗೂ ಹೋಟೆಲ್ ಲಾಬಿಯ ಸೋಫಾ ಬಿಟ್ಟು ಅಲ್ಲಾಡಬೇಡ" ಎಂದಿದ್ದೆ. ಡ್ರೈವರನಿಗೆ ಹೇಳುವುದನ್ನೇ ಮರೆತೆ. ಹಡಗು ಹೋಯಿತು. ಹೇಳಿದ ಮಾತು ಮೀರುವವಳಲ್ಲ ಅವಳು. ಮಧ್ಯಾಹ್ನ ಯಾರೋ ಭುಜ ಮುಟ್ಟಿದಾಗ ಮೈ ತಣ್ಣಗಾಗಿತ್ತಂತೆ, ಕೂತಲ್ಲೇ ಜೀವ ಹೋಗಿತ್ತು. ಮನೆಯವರ ಮುಂದೆ ತಪ್ಪನ್ನು ಡ್ರೈವರನ ತಲೆಗೆ ಕಟ್ಟಿದೆ.

ಅಂದಿನಿಂದ ಹಡಗು ಹೊರಡುವ ದಿನವೆಲ್ಲ ಒಂಬತ್ತೂ ಹತ್ತಕ್ಕೆ ಹೋಟೆಲಿನಿಂದ ಫೋನು. "ಸರ್, ನಿಮ್ಮ ದೊಡ್ಡಮ್ಮ ಕಾಯ್ತಿದ್ದಾರೆ, ವ್ಯಾನ್ ಎಲ್ಲಿ?" ತಿರುಗಿ ಮಾಡಿ ಕೇಳಿದರೆ, ಯಾರೂ ಫೋನು ಮಾಡಿಲ್ಲ ಎನ್ನುತ್ತಾರೆ.

ಕಳೆದ ವಾರ ನಾನೇ ವ್ಯಾನು ತೆಗೆದುಕೊಂಡು ಹೋದೆ. ಸೋಫಾ ಖಾಲಿ. ಒಂದು ಮೂಲೆಯಲ್ಲಿ ಮಾತ್ರ ತಗ್ಗು ಬಿದ್ದಿತ್ತು, ಕೈಯಿಟ್ಟರೆ ಐಸಿನಷ್ಟು ತಣ್ಣಗೆ.

"ಬಾ ದೊಡ್ಡಮ್ಮ, ತಡವಾಯ್ತು" ಎಂದು ವ್ಯಾನಿನ ಬಾಗಿಲು ತೆರೆದು ನಿಂತೆ. ವ್ಯಾನು ಒಂಚೂರು ಎಡಕ್ಕೆ ವಾಲಿತು. ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಬಂದರಿನ ಗೇಟಿನಲ್ಲಿ ಬಾಗಿಲು ತೆರೆದಾಗ ವಾಲಿದ್ದ ವ್ಯಾನು ನೆಟ್ಟಗಾಯಿತು. ಹಾಳು ನಾಲಿಗೆ, ಎಲ್ಲರಿಗೂ ಹೇಳುವುದನ್ನೇ ಹೇಳಿತು: "ಇಲ್ಲೇ ಇರು, ಗಾಡಿ ನಿಲ್ಲಿಸಿ ಬಂದೆ." ಬಾಗಿಲು ಹಾಕಿ ಸೀದಾ ಮನೆಗೆ ಬಂದುಬಿಟ್ಟೆ.

ಇವತ್ತು ಮತ್ತೆ ಹಡಗಿನ ದಿನ. ಒಂಬತ್ತೂ ಹತ್ತಕ್ಕೆ ಫೋನು ಬಂತು, ಹೋಟೆಲಿನದಲ್ಲ.

"ಬಂದರಿನ ಗೇಟಿಂದ ಮಾತಾಡ್ತಿದ್ದೀನಿ ಸರ್. ನಿಮ್ಮ ದೊಡ್ಡಮ್ಮ ಇಲ್ಲಿ ನಿಂತಿದ್ದಾರೆ. ಒಳಗೆ ಹೋಗಿ ಅಂದ್ರೆ ಕೇಳ್ತಿಲ್ಲ. ಇಲ್ಲೇ ಇರು ಅಂದಿದ್ದೀರಂತೆ ನೀವು."