ಅಗಳಿಯಿಲ್ಲದ ಬಾಗಿಲು

ನಮ್ಮ ಅಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ ಕಲ್ಮಲೆ ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಗವಿಯಲ್ಲಿ ಉರಿಜಡೆ ಎಂಬ ಮಾಂತ್ರಿಕ ಒಂದು ಕರಿಹುಲಿಯನ್ನು ಸಾಕಿಕೊಂಡಿದ್ದ. ಸಂಜೆಯಾದರೆ ಹುಲಿ ಊರಿಗಿಳಿದು ಮಕ್ಕಳನ್ನು ಕಚ್ಚಿಕೊಂಡು ಹೋಗುತ್ತಿತ್ತು. ಗವಿಯೊಳಗೆ ಆ ಮಕ್ಕಳು ಕಲ್ಲಾಗಿ ನಿಲ್ಲುತ್ತಿದ್ದರು.

"ನಿಮ್ಮ ದೇವರನ್ನೇ ಕೇಳಿಕೊಳ್ಳಿ," ಎಂದು ಮಾಂತ್ರಿಕ ಡಂಗುರ ಹೊಡೆಸಿದ್ದ. "ಗವಿಯ ಮುಂದೆ ಮೂರು ಸಲ ಬೇಡಬಹುದು. ಬೇಡಿದ ಮಾತು ನಿಜವಾದರೆ ಮಕ್ಕಳೆಲ್ಲ ನಿಮ್ಮವರು. ಸುಳ್ಳಾದರೆ ಆ ಸುಳ್ಳೇ ನನ್ನ ಹುಲಿಗೆ ಊಟ, ನೀವು ಕಲ್ಲು."

ಮೊದಲು ರಾಜನೇ ಹೋದ. ಪ್ರಜೆಗಳಿಗಾಗಿ ಗಳಗಳ ಅತ್ತ. ರಾಜರ ಕಣ್ಣೀರಿಗೆ ಬರವೇ? ಮನಸ್ಸು ಮಾತ್ರ ಸಿಂಹಾಸನದ ಮೇಲಿತ್ತು, ಕಲ್ಲಾದ. ಆಮೇಲೆ ಹೋದವರ ಗತಿಯೂ ಅಷ್ಟೇ. ಹುಲಿ ಕೊಬ್ಬಿ ಆನೆಯಷ್ಟಾಯಿತು.

ಆ ಊರಿನ ಹೊನ್ನಾಜಿಗೆ ಗಂಡ ತೀರಿಕೊಂಡಿದ್ದ. ತೊಟ್ಟಿಲಲ್ಲಿ ಅವಳು ಹೆತ್ತ ಗಂಡುಕೂಸು, ಜೊತೆಗೆ ಸತ್ತ ಸವತಿಯ ಮಗಳು ಕೆಂಚಿ. ಒಂದು ಸಂಜೆ ನೀರಿಗೆ ಹೋಗಿದ್ದ ಕೆಂಚಿಯನ್ನು ಹುಲಿ ಹೊತ್ತೊಯ್ದಿತು.

"ಅವಳು ಹೊರಗಿದ್ದದ್ದು ನನಗೆ ಗೊತ್ತೇ ಇರಲಿಲ್ಲ," ಎಂದು ಹೊನ್ನಾಜಿ ಎದೆ ಬಡಿದುಕೊಂಡಳು. ಮಲತಾಯಿಯಾದರೂ ಎಂಥ ಕರುಳು ಎಂದು ಊರು ಹೊಗಳಿತು. ಅಂದಿನಿಂದ ಅವಳ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಕೊನೆಗೆ ಕೂಸನ್ನು ನೆರೆಮನೆಯವರ ಮಡಿಲಿಗೆ ಹಾಕಿ ಬೆಟ್ಟ ಹತ್ತಿದಳು.

ಗವಿಯ ಮುಂದೆ ಕೈಮುಗಿದು, "ಸ್ವಾಮಿ, ಲೋಕದ ಮಕ್ಕಳೆಲ್ಲ ಚೆನ್ನಾಗಿರಲಿ," ಎಂದಳು. ಹುಲಿ ಬಾಯಿ ಚಪ್ಪರಿಸಿತು. ಹೊನ್ನಾಜಿಯ ಕಾಲು ಮಂಡಿಯವರೆಗೆ ಕಲ್ಲಾಯಿತು.

"ಲೋಕದ ಚಿಂತೆ ನಿನಗ್ಯಾಕವ್ವ?" ಎಂದು ಮಾಂತ್ರಿಕ ನಕ್ಕ.

"ಸ್ವಾಮಿ, ಕೆಂಚಿಯನ್ನು ಹೆತ್ತ ಮಗಳಂತೆಯೇ ಸಾಕಿದೆ. ನನ್ನ ಪ್ರಾಣ ತಗೊಂಡು ಅವಳನ್ನು ಬಿಡು," ಎಂದು ಎರಡನೆಯ ಸಲ ಬೇಡಿದಳು. ಹುಲಿಗೆ ಹಬ್ಬವಾಯಿತು. ಕಲ್ಲು ಅವಳ ಎದೆಯವರೆಗೆ ಏರಿತು.

ಆಗ ಹುಲಿಯ ಕಾಲುಗಳ ಆಚೆ ಕೆಂಚಿ ಕಂಡಳು. ಕಲ್ಲಾದ ಆ ಪುಟ್ಟ ಕೈ ಕದ ತಟ್ಟುವಂತೆ ಎತ್ತಿಕೊಂಡೇ ಇತ್ತು.

ಹೊನ್ನಾಜಿಯ ಅಳು ನಿಂತುಹೋಯಿತು. ಮುಗಿದ ಕೈಯನ್ನು ಬಿಟ್ಟಳು.

"ಅವಳು ಕರೆದದ್ದು ನನಗೆ ಕೇಳಿಸಿತ್ತು ತಂದೆ," ಎಂದಳು. "'ಚಿಕ್ಕವ್ವ, ಬಾಗಿಲು ತೆಗಿ' ಅಂತ ಕೂಗಿದಳು. ನನ್ನ ಕೈ ಅಗಳಿಯ ಮೇಲೇ ಇತ್ತು. ತೆಗೆದರೆ ನನ್ನ ಕೂಸನ್ನು ಹುಲಿ ಒಯ್ದೀತು ಅಂತ ತೆಗೆಯಲಿಲ್ಲ. ಅವಳ ದನಿ ನಿಂತಾಗ ನನಗೆ ನೆಮ್ಮದಿಯಾಯಿತು. ಸಾಯೋಕೆ ನನಗೆ ಇಷ್ಟವಿಲ್ಲ. ಅವಳ ಮುಖ ನೋಡೋಕೂ ಭಯ. ಆದರೂ ಅವಳು ಬದುಕಬೇಕು. ಇದಕ್ಕಿಂತ ಒಳ್ಳೆಯ ಮಾತು ನನ್ನ ಹತ್ತಿರ ಇಲ್ಲ."

ಹುಲಿ ಬಾಯಿ ತೆರೆಯಿತು. ತಿನ್ನಲು ಏನೂ ಸಿಗಲಿಲ್ಲ. ಹಸಿವು ತಡೆಯದೆ ತಿರುಗಿ ಮಾಂತ್ರಿಕನನ್ನೇ ನುಂಗಿತು, ಅಲ್ಲೇ ಬೂದಿಯಾಗಿ ಉದುರಿತು. ಕಲ್ಲಾದವರೆಲ್ಲ ಮೈಮುರಿದು ಎದ್ದರು. ರಾಜನೂ ತಲೆ ತಗ್ಗಿಸಿಕೊಂಡು ಬೆಟ್ಟ ಇಳಿದ.

ಕೆಂಚಿ ಮನೆಯವರೆಗೆ ಬಂದು ಹೊಸ್ತಿಲಾಚೆ ನಿಂತಳು. ಹೊಗಳಿದ್ದ ಊರೆಲ್ಲ ಅಲ್ಲಿ ನೆರೆದಿತ್ತು.

"ಚಿಕ್ಕವ್ವ, ಆವತ್ತು ನಾನು ಕೂಗಿದ್ದು ನಿನಗೆ ಕೇಳಿಸ್ತಾ?"

"ಕೇಳಿಸ್ತು ಮಗಳೇ," ಎಂದಳು ಹೊನ್ನಾಜಿ.

ಹೊನ್ನಾಜಿ ಬಾಗಿಲ ಅಗಳಿಯನ್ನು ಕಿತ್ತು ಒಲೆಗೆ ಹಾಕಿದಳು. ಅದು ಉರಿದು ಮುಗಿಯುವವರೆಗೂ ಕೆಂಚಿ ಹೊರಗೇ ನಿಂತಿದ್ದಳು. ಆಮೇಲೆ ಒಳಗೆ ಬಂದಳು.

ಕಲ್ಮಲೆಯ ಜನ ಬಹುಕಾಲ ಸುಖವಾಗಿ ಬಾಳಿದರು. ಆ ಮನೆಯವರೂ ಬಾಳಿದರು, ಬಾಗಿಲಿಗೆ ಅಗಳಿಯಿಲ್ಲದೆ.