ಪರದೆಯ ಹಿಂದೆ ಹೊಲಿಯುತ್ತಿದ್ದವನು

ಮೂರು ಸಲ ಬಾಗಿಲು ತಟ್ಟಿದರೂ ಒಳಗೆ ಹೊಲಿಗೆಯಂತ್ರ ನಿಲ್ಲಲಿಲ್ಲ. ಹಾಸಿಗೆ ಹಿಡಿದ ಅಪ್ಪನನ್ನೂ ದರ್ಜಿ ಅಂಗಡಿಯನ್ನೂ ಅಕ್ಕನ ತಲೆಗೆ ಕಟ್ಟಿ, ಯಾರ ಹಂಗೂ ಬೇಡವೆಂದು ನಾನು ಸನ್ಯಾಸಿಯಾಗಿ ಗುಡ್ಡ ಸೇರಿ ನಾಲ್ಕು ವರ್ಷವಾಗಿತ್ತು. ಅಲ್ಲಿ ಸುಖವಾಗಿಯೇ ಇದ್ದೆ. ಅದೇ ನನ್ನನ್ನು ಕೊರೆಯುತ್ತಿತ್ತು.

ಅಕ್ಕ ಬಾಗಿಲು ತೆರೆದಳು. ಮಟಮಟ ಮಧ್ಯಾಹ್ನದಲ್ಲೂ ಒಳಗಿನಿಂದ ತಣ್ಣನೆ ಗಾಳಿ ಬಂತು.

"ಏನು, ಸ್ವಾಮಿಗಳು ದಾರಿ ತಪ್ಪಿದ್ರಾ?"

ಪರದೆಯ ಹಿಂದೆ ಯಂತ್ರ ನಿಂತಿತು. ಯಾರೋ ಕತ್ತರಿಯನ್ನು ಮೇಜಿಗೆ ಎರಡು ಸಲ ಕುಟ್ಟಿ ಕೆಮ್ಮಿದರು. ಪ್ರತಿ ಹೊಲಿಗೆ ಮುಗಿದಾಗಲೂ ನಾನು ಮಾಡುತ್ತಿದ್ದುದು ಹಾಗೆಯೇ. ಕೆಮ್ಮೂ ನನ್ನದೇ.

"ಮಗಾ, ನೀರು ಕೊಡೋ," ಅಂದರು ಅಪ್ಪ.

"ಬಂದೆ ಅಪ್ಪಾ," ಅಂದಿತು ನನ್ನ ದನಿ.

ನಾನು ಬಾಯಿ ತೆರೆದಿರಲಿಲ್ಲ.

"ತಪ್ಪಾಯ್ತು ಅಕ್ಕಾ," ಅಂದೆ ನಾನು. "ಇನ್ಮೇಲೆ ಅಪ್ಪನ್ನ ನಾನೇ ನೋಡ್ಕೋತೀನಿ."

"ಬೇಡ," ಅಂದಳು ಅಕ್ಕ. "ನೀನು ಬಿಟ್ಟುಹೋದ ದಿನ ಸಂಜೆನೇ ವಾಪಸ್ ಬಂದೆ. ನಮಗೆ ಅವನೇ ಸಾಕು."