ಅಂಜೂರದ ಮರ ಯಾರದು?

"ಕಳ್ಳಿ! ಹಾಡಹಗಲಲ್ಲೇ ಕಳ್ಳತನ!"

ವಿಸಾಲ್ ಬಾಯಲ್ಲಿ ಅರ್ಧ ಅಂಜೂರ, ಕೈಯಲ್ಲಿ ಇನ್ನೆರಡು. ನುಂಗುವುದೋ ಉಗುಳುವುದೋ ತಿಳಿಯದೆ ಅವಳು ಕೊಂಬೆಯ ಮೇಲೆಯೇ ಕೂತುಬಿಟ್ಟಳು. ಕೆಳಗೆ ಅಬು ಮುನೀಬ್ ತಾತ ಊರುಗೋಲು ಆಡಿಸುತ್ತಾ ನಿಂತಿದ್ದರು.

"ಇಳಿಯೇ ಕೆಳಗೆ! ಅದು ನಮ್ಮ ಮರ. ನೀನು ಎಂಥವಳು ಅಂತ ಇವತ್ತೇ ಜುಮಾನಾಗೆ ಹೇಳ್ತೀನಿ!"

ವಿಸಾಲ್‌ಗೆ ಅಳುವೇ ಬಂತು. ಜುಮಾನಾ ತಾತನ ಮೊಮ್ಮಗಳು. ಕ್ಲಾಸಿನಲ್ಲಿ ವಿಸಾಲ್ ಪಕ್ಕದಲ್ಲೇ ಕೂರುವವಳು. ಅವಳ ಕಿವಿಗೆ ಬಿದ್ದ ಸುದ್ದಿ ಊಟದ ಬೆಲ್ ಹೊಡೆಯುವುದರೊಳಗೆ ಇಡೀ ಸ್ಕೂಲಿಗೆ ಗೊತ್ತಾಗುತ್ತಿತ್ತು. ಸ್ಕೂಲು ಶುರುವಾಗಲು ಇನ್ನು ಮೂರೇ ದಿನ.

"ಯಾರೋ ಅದು, ನನ್ನ ಮೊಮ್ಮಗಳನ್ನ ಕಳ್ಳಿ ಅನ್ನೋನು?" ಅಜ್ಜಿ ಬುಟ್ಟಿ ಕುಕ್ಕಿ ಎದ್ದು ಬಂದರು.

ಬೆಳಿಗ್ಗೆ ಅಜ್ಜಿ, ತಾತ ಇಬ್ಬರೂ ನಜರೇತ್‌ನಿಂದ ವಿಸಾಲ್ ಅಪ್ಪನ ಕಾರಿನಲ್ಲೇ ಒಟ್ಟಿಗೆ ಬಂದವರು. ಅಲ್ಲಿ ಇಬ್ಬರದೂ ಪಕ್ಕಪಕ್ಕದ ಮನೆ. "ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ" ಅಂತ ಭಾರೀ ಮರ್ಯಾದೆ. ಆದರೆ ಐನ್ ಝರೂರ್‌ಗೆ ಬಂದು ಈ ಮರದ ಕೆಳಗೆ ನಿಂತರೆ ಸಾಕು, ಎಂಬತ್ತು ದಾಟಿದ ಇಬ್ಬರೂ ಎಂಟು ವರ್ಷದವರಾಗಿಬಿಡುತ್ತಿದ್ದರು. ಆಗ ಅಜ್ಜಿಗೆ ತಾತ ಬರೀ ದೀಬ್, ತಾತನಿಗೆ ಅಜ್ಜಿ ಬರೀ ಫಿದ್ದಾ.

ಐನ್ ಝರೂರ್ ಅವರಿಬ್ಬರೂ ಹುಟ್ಟಿದ ಊರು. ಅಜ್ಜಿಗೆ ಎಂಟು ವರ್ಷವಿದ್ದಾಗ ಯುದ್ಧ ಬಂತು. ಸೈನಿಕರು ಇಡೀ ಊರನ್ನು ಖಾಲಿ ಮಾಡಿಸಿ, "ಎರಡು ವಾರ ಬಿಟ್ಟು ಬನ್ನಿ" ಅಂದರು. ಆ ಎರಡು ವಾರ ಇನ್ನೂ ಮುಗಿದಿಲ್ಲ. ಮನೆಗಳನ್ನೆಲ್ಲ ಕೆಡವಿ, ಮೇಲೆ ಪೈನ್ ಗಿಡ ನೆಟ್ಟರು. ಈಗ ಅಲ್ಲಿರುವುದು ಕಾಡು, ಒಂದು ಹಾಳು ಬಾವಿ, ಒಂದಿಷ್ಟು ಪಾಪಾಸುಕಳ್ಳಿ, ಮತ್ತು ಈ ಅಂಜೂರದ ಮರ. ಪ್ರತಿ ಬೇಸಿಗೆಯಲ್ಲೂ ಹಣ್ಣಿಗೆಂದು ಬರುವುದು, ಜಗಳವಾಡಿ ಹೋಗುವುದು ಇದ್ದದ್ದೇ.

"ರಸ್ತೆ ಕಡೆ ನಿಮ್ಮ ಮನೆ, ಬಾವಿ ಕಡೆ ನಮ್ಮನೆ. ಸರಿನಾ?" ತಾತ ಕೇಳಿದರು.

"ಸರಿ," ಅಂದರು ಅಜ್ಜಿ.

"ನಡುವೆ ಗೋಡೆ. ಆ ಗೋಡೆ ಮರದಿಂದ ರಸ್ತೆ ಕಡೆಗಿತ್ತು. ಅಂದಮೇಲೆ ಮರ ನಮ್ಮದು!"

"ಬಾವಿ ಕಡೆಗಿತ್ತು ಕಣೋ ದೀಬ್! ಈ ಮರದ ನೆರಳಲ್ಲೇ ನಮ್ಮಮ್ಮ ರೊಟ್ಟಿ ಸುಡ್ತಿದ್ದಿದ್ದು."

"ಆ ಹೊಗೆಗೆ ನಮ್ಮ ಕೋಳಿಗಳೆಲ್ಲ ಕೆಮ್ಮುತ್ತಿದ್ವು, ಫಿದ್ದಾ!"

"ಕೋಳಿಗಳಂತೆ! ಇದ್ದಿದ್ದು ಒಂದು ಹುಂಜ. ಅದೂ ಮಧ್ಯಾಹ್ನ ಎದ್ದು ಕೂಗ್ತಿತ್ತು."

"ನಮ್ಮ ಹುಂಜದ ಸುದ್ದಿಗೆ ಬರಬೇಡ!"

ವಿಸಾಲ್ ಧೊಪ್ಪನೆ ಕೆಳಗೆ ಹಾರಿದಳು. "ಗೋಡೆ ಎಲ್ಲಿತ್ತು ಅಂತ ಹುಡುಕಿದ್ರೆ ಆಯ್ತಲ್ಲ! ಏನಾದ್ರೂ ಗುರುತಿತ್ತಾ?"

"ಕತ್ತೆ ಕಟ್ಟೋ ಕಲ್ಲು!" ಇಬ್ಬರೂ ಒಟ್ಟಿಗೆ ಹೇಳಿದರು. ಗೋಡೆಯ ಬುಡದಲ್ಲಿ ತೂತಿರುವ ಒಂದು ಕಲ್ಲಿತ್ತಂತೆ. ಅದರಲ್ಲಿ ಹಗ್ಗ ತೂರಿಸಿ ಕತ್ತೆ ಕಟ್ಟುತ್ತಿದ್ದರಂತೆ. ಆ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ವಿಸಾಲ್ ಮುರಿದ ಕೊಂಬೆಯೊಂದನ್ನು ಹಿಡಿದು ಕೆದಕತೊಡಗಿದಳು. ಮೊದಲು ರಸ್ತೆ ಕಡೆ. ಬರೀ ಬೇರು, ಇರುವೆ. ಒಂದು ಇರುವೆ ಕಚ್ಚಿಯೂ ಕಚ್ಚಿತು. ಆಮೇಲೆ ಬಾವಿ ಕಡೆ ಹೋದಳು. ಒಣಗಿದ ಪೈನ್ ಎಲೆಗಳನ್ನು ಸರಿಸಿ ಒಂದು ಗೇಣು ಮಣ್ಣು ತೆಗೆದಾಗ ಕೊಂಬೆ ಠಣ್ ಅಂತು.

ಸಾಲಾಗಿ ಮೂರು ಕಲ್ಲು. ನಡುವಿನ ಕಲ್ಲಿನಲ್ಲಿ ದುಂಡಗಿನ ತೂತು. ಬೆರಳು ಹಾಕಿದರೆ ಒಳಗೆ ನುಣ್ಣಗಿತ್ತು, ಹಗ್ಗ ಉಜ್ಜಿ ಉಜ್ಜಿ ಸವೆದಿತ್ತು.

ಮರ ಅಜ್ಜಿಯದೇ! ತಾನು ಕಳ್ಳಿಯಲ್ಲ! ಕೂಗಲೆಂದು ವಿಸಾಲ್ ಬಾಯಿ ತೆರೆದಳು.

"ಸಿಕ್ತಾ?" ದೂರದಿಂದ ತಾತ ಕೇಳಿದರು. ಅವರ ದನಿ ಯಾಕೋ ತೀರ ಸಣ್ಣದಾಗಿತ್ತು. ಅಜ್ಜಿ ತಲೆವಸ್ತ್ರದ ತುದಿಯನ್ನು ಹಿಂಡುತ್ತಿದ್ದರು. ನೋಡಲು ಇಬ್ಬರಲ್ಲಿ ಒಬ್ಬರೂ ಹತ್ತಿರ ಬರಲಿಲ್ಲ.

ವಿಸಾಲ್‌ಗೆ ಹೋದ ವರ್ಷದ ನೆನಪು ಬಂತು. ಆಗ ತಾತನ ಸೊಂಟಕ್ಕೆ ಆಪರೇಷನ್ ಆಗಿತ್ತು, ಅವರು ಬಂದಿರಲಿಲ್ಲ. ಇಡೀ ಮರ ಅಜ್ಜಿಯದೇ, ಕೇಳುವವರೇ ಇಲ್ಲ. ಆದರೂ ಅಜ್ಜಿ ಒಂದು ಹಣ್ಣನ್ನೂ ಕೀಳಲಿಲ್ಲ. ರೊಟ್ಟಿಯ ಮಾತಿಲ್ಲ, ಹುಂಜದ ಮಾತಿಲ್ಲ. ಪೈನ್ ಮರಗಳನ್ನೇ ನೋಡುತ್ತಾ ಕೂತಿದ್ದು, ಹತ್ತೇ ನಿಮಿಷಕ್ಕೆ "ಹೋಗೋಣ ನಡಿ" ಅಂದಿದ್ದರು.

ವಿಸಾಲ್ ಕಲ್ಲನ್ನು ನೋಡಿದಳು. ಅವರಿಬ್ಬರನ್ನು ನೋಡಿದಳು. ಎರಡೂ ಕೈಯಿಂದ ಮಣ್ಣು ಎಳೆದು, ಮೇಲೆ ಪೈನ್ ಎಲೆ ಹರಡಿದಳು.

"ಇಲ್ಲ ತಾತ. ಬರೀ ಮಣ್ಣು."

"ನಾನು ಹೇಳ್ಲಿಲ್ವಾ!" ಇಬ್ಬರೂ ಒಟ್ಟಿಗೆ ಕೂಗಿದರು. ತಾತನ ಊರುಗೋಲು ಮತ್ತೆ ಮೇಲೆದ್ದಿತು. "ಹಾಗಾದ್ರೆ ನೀನು ಕಳ್ಳಿನೇ! ಜುಮಾನಾಗೆ ಹೇಳೇ ಹೇಳ್ತೀನಿ."

"ಬೇಕಾದ್ರೆ ಹೇಳಿ ತಾತ," ಅಂದಳು ವಿಸಾಲ್. "ಆ ಹುಂಜ ಆಮೇಲೆ ಏನಾಯ್ತು?"

"ಏನಾಗುತ್ತೆ? ಇವಳಣ್ಣ ಕದ್ದು ತಿಂದ!"

"ತಿಂದಿದ್ದು ನರಿ!" ಅಜ್ಜಿ ಸೊಂಟಕ್ಕೆ ಕೈಯಿಟ್ಟರು.

"ನರಿ ಚಪ್ಪಲಿ ಬಿಟ್ಟು ಹೋಗುತ್ತೇನೇ? ಒಂದು ಚಪ್ಪಲಿ ಸಿಕ್ತು ನಮಗೆ, ಇಲ್ಲೇ, ಈ ಜಾಗದಲ್ಲೇ..."

ಊರುಗೋಲು ಪೈನ್ ಎಲೆಗಳನ್ನು ಕೆದಕುತ್ತಾ ಹತ್ತಿರ ಹತ್ತಿರ ಬಂತು. ವಿಸಾಲ್ ತಟಕ್ಕನೆ ಆ ಜಾಗದ ಮೇಲೆ ಕೂತುಬಿಟ್ಟಳು. ಕಲ್ಲು ಒತ್ತುತ್ತಿತ್ತು. ಆದರೂ ಅವಳು ಏಳಲಿಲ್ಲ.